ಗಂಡಸಿನ ಎದೆ ಉಬ್ಬಿದರೆ: ಕಾಯಬೇಕೇ, ಕೊಯ್ಯಬೇಕೇ?

ಕರಾವಳಿಯ ಹಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ, ಬನಿಯನ್ ಕಳಚಿಯೇ ದರ್ಶನಕ್ಕೆ ಹೋಗಬೇಕು. ಧರ್ಮಸ್ಥಳದ ಸರತಿ ಸಾಲಿನಲ್ಲಿ ಬಹುತೇಕರು ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡು ಆರಾಮಾಗಿ ನಿಂತಿರುತ್ತಾರೆ. ಅದನ್ನೇ ಮಡಚಿ ಎದೆಗೆ ಅವಚಿಕೊಂಡು, ಬೆನ್ನು ಬಾಗಿಸಿ ನಿಲ್ಲುವ ಹದಿನಾಲ್ಕು ಹದಿನೈದರ ಹುಡುಗರೂ ಅಲ್ಲಲ್ಲಿ ಇರುತ್ತಾರೆ. ಬಾವಿಗೆ ಈಜಲು ಇಳಿದರೂ ಬನಿಯನ್ ತೆಗೆಯದವರು, ಗರಡಿ ಮನೆಯ ಕಡೆ ತಲೆ ಹಾಕದವರು, ಬಿರುಬೇಸಿಗೆಯಲ್ಲೂ ಶಾಲೆಯ ಅಂಗಿಯೊಳಗೆ ಎರಡೆರಡು ಬನಿಯನ್ ತೊಡುವವರು ಬಹುಪಾಲು ಇದೇ ಗುಂಪಿನವರು. ಮೊಲೆತೊಟ್ಟಿನ ಹಿಂದೆ ಗಂಡು ದೇಹದಲ್ಲೂ ಹುಟ್ಟಿನಿಂದ ಒಂದು ಚೂರು ಗ್ರಂಥಿ ಇರುತ್ತದೆ. ಅದು ಬೆಳೆದು ಎದೆ ಉಬ್ಬುವ ಸ್ಥಿತಿಗೆ ವೈದ್ಯರು ಗೈನೆಕೊಮಾಸ್ಟಿಯಾ ಎನ್ನುತ್ತಾರೆ.

ಇದು ಅಪರೂಪದ್ದೇನಲ್ಲ. ಆಗತಾನೆ ಹುಟ್ಟಿದ ಗಂಡು ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ತಾಯಿಯಿಂದ ಬಂದ ಹಾರ್ಮೋನಿನ ದೆಸೆಯಿಂದ ಎದೆ ಊದಿಕೊಂಡು, ಕೆಲವು ವಾರಗಳಲ್ಲಿ ಇಳಿಯುತ್ತದೆ. ಮತ್ತೆ ಕಾಣಿಸುವುದು 13-14ರ ಪ್ರಾಯದಲ್ಲಿ. ಅಮೆರಿಕದಲ್ಲಿ 1,855 ಬಾಯ್ ಸ್ಕೌಟ್ ಹುಡುಗರನ್ನು ಪರೀಕ್ಷಿಸಿ 1961ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 38.7ರಷ್ಟು ಮಂದಿಗೆ ಇದು ಇತ್ತು. ಐವತ್ತು ದಾಟಿದ ಮೇಲೆ ಮೂರನೆಯ ಸಲ ಏರುತ್ತದೆ. ಇಷ್ಟು ಸಾಮಾನ್ಯವಾದದ್ದನ್ನು ಕಾಯಿಲೆ ಎನ್ನಬೇಕೇ? ಮಕ್ಕಳ ವೈದ್ಯರು ಇದನ್ನು ಬೆಳವಣಿಗೆಯ ಒಂದು ಹಂತ ಎನ್ನುತ್ತಾರೆ. ಹಾರ್ಮೋನು ತಜ್ಞರಿಗೆ ಇದು ಬೇರೊಂದು ತೊಂದರೆಯ ಸುಳಿವು. ಪ್ಲಾಸ್ಟಿಕ್ ಸರ್ಜನ್ ಕಣ್ಣಿಗೆ ಸರಿಪಡಿಸಬಹುದಾದ ಆಕಾರ. ಅಂಗಿಯನ್ನು ಎದೆಗೆ ಅವಚಿಕೊಂಡ ಹುಡುಗನಿಗೆ ಅದು ನಾಚಿಕೆ. ನಾಲ್ವರೂ ಹೇಳುವುದು ನಿಜವೇ. ಆದರೆ ಯಾರ ಮಾತನ್ನು ಮೊದಲು ಕೇಳಬೇಕು ಎಂಬುದರ ಮೇಲೆ ಚಿಕಿತ್ಸೆಯೇ ಬದಲಾಗುತ್ತದೆ.

ಹಳೆಯ ಪ್ರಶ್ನೆ, ಹಳೆಯ ಕತ್ತಿ

ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್ ಈ ಉಬ್ಬನ್ನು ಕೊಬ್ಬಿನದು ಎಂದು ವಿವರಿಸಿ, ಗ್ರಂಥಿಯ ಊತದಿಂದ ಬೇರೆಯಾಗಿಟ್ಟಿದ್ದ. ಇಂದಿನ ವೈದ್ಯರ ಲೆಕ್ಕ ಇದಕ್ಕೆ ತದ್ವಿರುದ್ಧ. ಗ್ರಂಥಿ ಬೆಳೆದರೆ ಮಾತ್ರ ನಿಜವಾದ ಗೈನೆಕೊಮಾಸ್ಟಿಯಾ, ಬರೀ ಕೊಬ್ಬು ತುಂಬಿದ್ದರೆ ಅದು ಹುಸಿ. ಏಳನೆಯ ಶತಮಾನದ ಪೌಲಸ್ ಏಜಿನೆಟಾ ಶಸ್ತ್ರಕ್ರಿಯೆಯನ್ನೇ ಬರೆದಿಟ್ಟ. ಎದೆಯ ಕೆಳಗೆ ಅರ್ಧಚಂದ್ರಾಕಾರದಲ್ಲಿ ಕೊಯ್ದು, ಚರ್ಮ ಬಿಡಿಸಿ, ಒಳಗಿನದನ್ನು ತೆಗೆದು ಹೊಲಿಯಬೇಕು. ಎದೆ ತೀರ ಜೋತಿದ್ದರೆ ಎರಡು ಅರ್ಧಚಂದ್ರ ಕೊಯ್ದು ನಡುವಿನ ಚರ್ಮವನ್ನೂ ತೆಗೆಯಬೇಕು. ಮುನ್ನೂರು ವರ್ಷಗಳ ತರುವಾಯ ಸ್ಪೇನಿನ ಕಾರ್ಡೊಬಾದ ಅಲ್ ಜಹ್ರಾವಿಯೂ ಇಂಥದೇ ಶಸ್ತ್ರಕ್ರಿಯೆಯನ್ನು ವಿವರಿಸಿದ. ಅರಿವಳಿಕೆ ಇಲ್ಲದ ಆ ಕಾಲದಲ್ಲೂ ಇದಕ್ಕಾಗಿ ಕತ್ತಿಯ ಕೆಳಗೆ ಮಲಗುವವರಿದ್ದರು ಎಂದರೆ, ಈ ಮುಜುಗರವನ್ನು ಇನ್‌ಸ್ಟಾಗ್ರಾಂ ಕಾಲದ ಸೃಷ್ಟಿ ಎಂದು ತಳ್ಳಿಹಾಕುವಂತಿಲ್ಲ.

ಕಾರಣ ಏನೆಂಬುದು ಸ್ಪಷ್ಟವಾಗತೊಡಗಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಫುಲರ್ ಆಲ್‌ಬ್ರೈಟ್ ಅವರ ಬಳಿ ಕಲಿಯುತ್ತಿದ್ದ ಹ್ಯಾರಿ ಕ್ಲೈನ್‌ಫೆಲ್ಟರ್ 1942ರಲ್ಲಿ ಒಂಬತ್ತು ಗಂಡಸರ ಬಗ್ಗೆ ಬರೆದರು. ಎಲ್ಲರಿಗೂ ಎದೆ ಬೆಳೆದಿತ್ತು, ವೃಷಣ ಚಿಕ್ಕದಾಗಿತ್ತು, ವೀರ್ಯಾಣು ಇರಲಿಲ್ಲ. ವೃಷಣದಿಂದ ಯಾವುದೋ ಹಾರ್ಮೋನು ಬರುತ್ತಿಲ್ಲ ಎಂದು ಅವರು ಊಹಿಸಿದ್ದರು. 1959ರಲ್ಲಿ ಪೆಟ್ರೀಷಿಯಾ ಜೇಕಬ್ಸ್ ಮತ್ತು ಜಾನ್ ಸ್ಟ್ರಾಂಗ್ ಇಂಥ ರೋಗಿಯೊಬ್ಬನಲ್ಲಿ ಒಂದು ಎಕ್ಸ್ ಕ್ರೋಮೊಸೋಮ್ ಹೆಚ್ಚಿಗೆ ಇರುವುದನ್ನು ತೋರಿಸಿದರು. ಸುಮಾರು 600ರಿಂದ 700 ಗಂಡಸರಲ್ಲಿ ಒಬ್ಬರಿಗೆ ಇರುವ ಈ ಸ್ಥಿತಿ ವೈದ್ಯಶಾಸ್ತ್ರದ ಗಮನಕ್ಕೆ ಬಂದದ್ದು ಎದೆಯ ಉಬ್ಬಿನಿಂದ.

ಯುದ್ಧವೂ ಒಂದು ಪಾಠ ಕಲಿಸಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿ ಹಸಿದು ಸೊರಗಿದ ಅಮೆರಿಕದ ಸೈನಿಕರಿಗೆ ಹೊಟ್ಟೆ ತುಂಬ ಊಟ ಸಿಗತೊಡಗಿದ ಮೇಲೆ ಎದೆ ಊದಿಕೊಂಡಿತು, ನೋಯತೊಡಗಿತು. ಉಪವಾಸದಲ್ಲಿ ಸ್ತಬ್ಧವಾಗಿದ್ದ ಹಾರ್ಮೋನುಗಳು ಊಟ ಸಿಕ್ಕೊಡನೆ ಮತ್ತೆ ಏಳುತ್ತವೆ. ದೇಹ ಎರಡನೆಯ ಸಲ ಪ್ರಾಯಕ್ಕೆ ಬಂದಂತೆ ನಡೆದುಕೊಳ್ಳುತ್ತದೆ. ಕಿಡ್ನಿ ಕೆಟ್ಟವರು ಡಯಾಲಿಸಿಸ್ ಶುರುಮಾಡಿ ಚೇತರಿಸಿಕೊಳ್ಳುವಾಗಲೂ ಇದು ಕಾಣಿಸುವುದುಂಟು.

ಈಜಿಪ್ಟಿನ ಫೇರೋ ಅಖೆನಾತನ್ ಶಿಲ್ಪಗಳ ದುಂಡು ಎದೆಯನ್ನು ನೋಡಿ ಆತನಿಗೂ ಹಾರ್ಮೋನಿನ ದೋಷ ಇತ್ತೆಂದು ವಾದಿಸಿದವರಿದ್ದಾರೆ. 2010ರಲ್ಲಿ ಪುರಾತತ್ವಜ್ಞ ಜಾಹಿ ಹವಾಸ್ ತಂಡ ಆ ರಾಜಮನೆತನದ ಮಮ್ಮಿಗಳನ್ನು ಪರೀಕ್ಷಿಸಿ, ಅಂಥ ಸೂಚನೆಯಿಲ್ಲ, ಅದು ಆ ಕಾಲದ ಶಿಲ್ಪಶೈಲಿ ಎಂದಿತು. ಶಿಲ್ಪ ನೋಡಿ ರೋಗ ಹೇಳುವ ಚಟಕ್ಕೆ ಅದರಿಂದ ಕೊನೆಯೇನೂ ಬಿದ್ದಿಲ್ಲ.

ಎರಡು ಹಾರ್ಮೋನುಗಳ ಲೆಕ್ಕ

ಈಗ ಎಲ್ಲರೂ ಒಪ್ಪುವ ವಿವರಣೆ ಹೀಗಿದೆ: ಈಸ್ಟ್ರೊಜೆನ್ ಗ್ರಂಥಿಯನ್ನು ಬೆಳೆಸುತ್ತದೆ, ಟೆಸ್ಟೊಸ್ಟಿರೋನ್ ತಡೆಯುತ್ತದೆ. ಎರಡೂ ಗಂಡಸಿನಲ್ಲಿರುತ್ತವೆ. ಎಷ್ಟಿವೆ ಎನ್ನುವುದಕ್ಕಿಂತ ಒಂದಕ್ಕೊಂದು ಯಾವ ಪ್ರಮಾಣದಲ್ಲಿವೆ ಎನ್ನುವುದು ಮುಖ್ಯ. ಗಂಡಸಿನ ಈಸ್ಟ್ರೊಜೆನ್ನಿನ ಬಹುಪಾಲು ವೃಷಣದಲ್ಲಿ ನೇರವಾಗಿ ಹುಟ್ಟುವುದಿಲ್ಲ. ಕೊಬ್ಬು ಮತ್ತಿತರ ಅಂಗಾಂಶಗಳಲ್ಲಿರುವ ಅರೊಮಾಟೇಸ್ ಎಂಬ ಕಿಣ್ವ ಗಂಡು ಹಾರ್ಮೋನನ್ನೇ ಹೆಣ್ಣು ಹಾರ್ಮೋನಾಗಿ ಮಾರ್ಪಡಿಸುತ್ತದೆ. ಹೊಟ್ಟೆ ಬಂದವರಿಗೆ ಎದೆಯೂ ಏಕೆ ಬರುತ್ತದೆ, ವಯಸ್ಸಾದವರಲ್ಲಿ ಏಕೆ ಹೆಚ್ಚು ಎಂಬುದಕ್ಕೆ ಅರ್ಧ ಉತ್ತರ ಇಲ್ಲಿದೆ. ಇದೇ ಕಾರಣಕ್ಕೆ ನಿಜ ಮತ್ತು ಹುಸಿ ಎಂಬ ವಿಂಗಡಣೆ ಪುಸ್ತಕದಲ್ಲಿದ್ದಷ್ಟು ಅಚ್ಚುಕಟ್ಟಾಗಿ ಮೈಯಲ್ಲಿ ಕಾಣುವುದಿಲ್ಲ. ಹಲವರಲ್ಲಿ ಎರಡೂ ಬೆರೆತಿರುತ್ತವೆ.

ಯಕೃತ್ತು ಕೆಟ್ಟ ಕುಡುಕರಲ್ಲಿ, ಥೈರಾಯ್ಡ್ ಜಾಸ್ತಿಯಾದವರಲ್ಲಿ, ವೃಷಣ ಸೋತವರಲ್ಲಿ ಪ್ರಮಾಣ ಏರುಪೇರಾಗುತ್ತದೆ. ಅಮೆರಿಕದ ಹಾರ್ಮೋನು ತಜ್ಞ ಗ್ಲೆನ್ ಬ್ರಾನ್‌ಸ್ಟೀನ್ 1993ರಲ್ಲಿ ಕೊಟ್ಟ ಲೆಕ್ಕವನ್ನು ವೈದ್ಯರು ಇಂದಿಗೂ ಉಲ್ಲೇಖಿಸುತ್ತಾರೆ. ಅದರ ಪ್ರಕಾರ ವೈದ್ಯರ ಬಳಿ ಬರುವವರಲ್ಲಿ ಸುಮಾರು ಕಾಲು ಭಾಗ ಪ್ರಾಯದ ಉಬ್ಬು ಇಳಿಯದೆ ಉಳಿದವರು, ಇನ್ನೊಂದು ಕಾಲು ಭಾಗಕ್ಕೆ ಕಾರಣವೇ ಸಿಗುವುದಿಲ್ಲ, ಶೇ. 10ರಿಂದ 20 ಮಂದಿಗೆ ಔಷಧ ಕಾರಣ, ಶೇ. 8ರಷ್ಟು ಮಂದಿಗೆ ಸಿರೋಸಿಸ್ ಎಂಬ ಯಕೃತ್ತಿನ ಕಾಯಿಲೆ. ಶೇ. 3ರಷ್ಟು ಮಂದಿಗೆ ವೃಷಣದ ಗಡ್ಡೆ. ಈ ಕೊನೆಯ ಅಂಕಿ ಚಿಕ್ಕದು. ಆದರೆ ಇಡೀ ಚರ್ಚೆಯಲ್ಲಿ ಮರೆಯಬಾರದ ಅಂಕಿ ಯಾವುದೆಂದರೆ ಇದೇ.

ಮಾತ್ರೆಯ ಹಾಳೆ, ಜಿಮ್ಮಿನ ಸೂಜಿ

ಔಷಧಗಳ ಪಟ್ಟಿ ಉದ್ದ. ಹೃದಯ ಮತ್ತು ಯಕೃತ್ತಿನ ರೋಗಿಗಳಿಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಎಲ್ಲಕ್ಕಿಂತ ಹೆಸರುವಾಸಿ. 1999ರಲ್ಲಿ ಪ್ರಕಟವಾದ ರೇಲ್ಸ್ ಎಂಬ ಪ್ರಯೋಗದಲ್ಲಿ ಅದನ್ನು ನುಂಗಿದ ಗಂಡಸರಲ್ಲಿ ಶೇ. 10 ಮಂದಿಗೆ ಎದೆ ಬೆಳೆಯಿತು ಅಥವಾ ನೋಯಿತು. ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲಿ ಶೇ. 1 ಮಂದಿಗೆ ಮಾತ್ರ. ಅದೇ ಪ್ರಯೋಗ ಆ ಮಾತ್ರೆ ಜೀವ ಉಳಿಸುತ್ತದೆ ಎಂಬುದನ್ನೂ ತೋರಿಸಿತು. ಆದ್ದರಿಂದ ಎದೆ ಉಬ್ಬಿತೆಂದು ಯಾರೂ ತಾವಾಗಿ ಅದನ್ನು ನಿಲ್ಲಿಸಬಾರದು. ವೈದ್ಯರು ಎಪ್ಲೆರಿನೋನ್ ಎಂಬ ಬದಲಿಯನ್ನು ಕೊಡಬಲ್ಲರು. ಪ್ರಾಸ್ಟೇಟ್ ಕ್ಯಾನ್ಸರಿನ ಬೈಕಾಲುಟಮೈಡ್, ಕೂದಲು ಉದುರುವುದಕ್ಕೆ ನುಂಗುವ ಫಿನಾಸ್ಟೆರೈಡ್, ಮಾನಸಿಕ ಕಾಯಿಲೆಯ ರಿಸ್ಪೆರಿಡೋನ್, ಎಚ್‌ಐವಿ ಔಷಧ ಎಫಾವಿರೆಂಜ್ ಇವೂ ಪಟ್ಟಿಯಲ್ಲಿವೆ. ರಿಸ್ಪೆರಿಡೋನ್ ವಿಷಯ ಕೋರ್ಟಿಗೂ ಹೋಯಿತು. 2019ರಲ್ಲಿ ಫಿಲಡೆಲ್ಫಿಯಾದ ಜ್ಯೂರಿ ಅದನ್ನು ತಯಾರಿಸುವ ಕಂಪನಿಗೆ 800 ಕೋಟಿ ಡಾಲರ್ ದಂಡ ಹಾಕಿತು. ಮುಂದಿನ ವರ್ಷ ನ್ಯಾಯಾಧೀಶರು ಅದನ್ನು 68 ಲಕ್ಷ ಡಾಲರಿಗೆ ಇಳಿಸಿದರು.

ಜಿಮ್ಮುಗಳ ಕತೆ ಬೇರೆ. ಎದೆ ಹುರಿಗಟ್ಟಲೆಂದು ಸ್ಟಿರಾಯ್ಡ್ ಚುಚ್ಚಿಕೊಳ್ಳುವ ಹುಡುಗರಿಗೆ ಅದೇ ಎದೆಯಲ್ಲಿ ಗ್ರಂಥಿ ಬೆಳೆಯುತ್ತದೆ. ಹೆಚ್ಚಾದ ಟೆಸ್ಟೊಸ್ಟಿರೋನನ್ನು ಅರೊಮಾಟೇಸ್ ಈಸ್ಟ್ರೊಜೆನ್ ಮಾಡಿಬಿಡುತ್ತದೆ. ಸೂಜಿ ನಿಲ್ಲಿಸಿದ ಮೇಲೂ ಕಷ್ಟ ತಪ್ಪದು, ಏಕೆಂದರೆ ಸ್ವಂತ ವೃಷಣ ಅಷ್ಟರಲ್ಲಿ ಕೆಲಸ ನಿಲ್ಲಿಸಿರುತ್ತದೆ. ವೈದ್ಯರ ಮುಂದೆ ಇವರು ಪ್ರೋಟೀನ್ ಪುಡಿಯ ಹೆಸರು ಹೇಳುತ್ತಾರೆ, ಸೂಜಿಯ ಮಾತು ಎತ್ತುವುದಿಲ್ಲ.

ಪರಿಸರದಲ್ಲಿರುವ ರಾಸಾಯನಿಕಗಳೂ ಕಾರಣವೇ ಎಂಬುದು ವಿವಾದದ ಜಾಗ. 1981-82ರಲ್ಲಿ ಅಮೆರಿಕದ ಶಿಬಿರಗಳಲ್ಲಿ ಇಟ್ಟಿದ್ದ ಹೈಟಿ ದೇಶದ ನಿರಾಶ್ರಿತರಲ್ಲಿ ಗುಂಪುಗುಂಪಾಗಿ ಎದೆ ಬೆಳೆಯಿತು. ಹೇನು ಕೊಲ್ಲಲು ಮೈಗೆ ಸಿಂಪಡಿಸಿದ ಫೀನೋಥ್ರಿನ್ ಟೆಸ್ಟೊಸ್ಟಿರೋನಿಗೆ ಅಡ್ಡಿಯಾಗುತ್ತದೆ ಎಂದು ಅನಂತರದ ಪ್ರಯೋಗಾಲಯ ಪರೀಕ್ಷೆ ಹೇಳಿತು. ಹಸಿದವರಿಗೆ ಊಟ ಸಿಕ್ಕಿದ್ದೇ ಕಾರಣವಿರಬೇಕು ಎನ್ನುವ ವಾದವೂ ಇದೆ. ಲ್ಯಾವೆಂಡರ್, ಟೀ ಟ್ರೀ ಎಣ್ಣೆ ಬೆರೆಸಿದ ಸೋಪು, ಶಾಂಪೂ ಬಳಸಿದ ಮೂವರು ಹುಡುಗರ ಬಗ್ಗೆ 2007ರಲ್ಲಿ ವರದಿ ಬಂದಾಗ ಲೋಕವೇ ಬೆಚ್ಚಿತು. ಮೂವರ ಕತೆಯಿಂದ ಇಡೀ ಲೋಕಕ್ಕೆ ನಿಯಮ ಮಾಡಲಾಗದು ಎಂಬ ಆಕ್ಷೇಪಕ್ಕೆ ಈವರೆಗೆ ಸರಿಯಾದ ಉತ್ತರ ಬಂದಿಲ್ಲ.

ಎರಡು ಬೆರಳಿನ ಪರೀಕ್ಷೆ

ಗ್ರಂಥಿಯೋ ಕೊಬ್ಬೋ ಎಂದು ತಿಳಿಯಲು ಯಂತ್ರ ಬೇಕಿಲ್ಲ. ರೋಗಿಯನ್ನು ಅಂಗಾತ ಮಲಗಿಸಿ, ಕೈಗಳನ್ನು ತಲೆಯ ಹಿಂದೆ ಇಡಿಸುತ್ತಾರೆ. ವೈದ್ಯರು ಹೆಬ್ಬೆರಳು, ತೋರುಬೆರಳುಗಳನ್ನು ಎದೆಯ ಎರಡು ಬದಿಯಲ್ಲಿಟ್ಟು ಮೆಲ್ಲಗೆ ತೊಟ್ಟಿನ ಕಡೆಗೆ ತರುತ್ತಾರೆ. ಬರೀ ಕೊಬ್ಬಾದರೆ ಬೆರಳುಗಳು ಅಡೆತಡೆಯಿಲ್ಲದೆ ತೊಟ್ಟಿನವರೆಗೂ ಬರುತ್ತವೆ. ಗ್ರಂಥಿಯಿದ್ದರೆ ತೊಟ್ಟಿನ ಸರಿಯಾಗಿ ಕೆಳಗೆ, ರಬ್ಬರಿನಿಂದ ಮಾಡಿದ ಕೇರಂ ಬಿಲ್ಲೆಯ ಹಾಗೆ, ಅತ್ತಿತ್ತ ಸರಿಯುವ ದುಂಡು ತಟ್ಟೆಯೊಂದು ಬೆರಳಿಗೆ ಸಿಗುತ್ತದೆ. ಹೊಸದಾಗಿದ್ದರೆ ಮುಟ್ಟಿದಾಗ ನೋಯುತ್ತದೆ.

ಬಿಲ್ಲೆ ತೊಟ್ಟಿನ ಕೆಳಗಿಲ್ಲದೆ ಒಂದು ಬದಿಗಿದ್ದರೆ, ಕಲ್ಲಿನಂತೆ ಗಟ್ಟಿಯಾಗಿದ್ದರೆ, ತೊಟ್ಟು ಒಳಕ್ಕೆ ಎಳೆದುಕೊಂಡಿದ್ದರೆ, ರಕ್ತ ಒಸರುತ್ತಿದ್ದರೆ ಕ್ಯಾನ್ಸರಿನ ಶಂಕೆ. ಆಗ ಮ್ಯಾಮೊಗ್ರಾಂ, ಬಯಾಪ್ಸಿ ತಪ್ಪದು. ಒಟ್ಟು ಸ್ತನ ಕ್ಯಾನ್ಸರುಗಳಲ್ಲಿ ಗಂಡಸರ ಪಾಲು ಸುಮಾರು ಶೇ. 1 ಅಷ್ಟೇ. ನಾಚಿಕೆಯಿಂದ ತಡವಾಗಿ ಬರುವುದೇ ಅಲ್ಲಿ ದೊಡ್ಡ ತೊಂದರೆ.

ಮುಂದಿನ ಹೆಜ್ಜೆಯಲ್ಲಿ ವೈದ್ಯರು ಎರಡು ಪಾಳಯ. ಕಾರಣ ಕಣ್ಣಿಗೆ ಕಾಣುವಂತಿದ್ದರೆ, ಹುಡುಗ ಆರೋಗ್ಯವಾಗಿದ್ದರೆ ರಕ್ತಪರೀಕ್ಷೆಗಳ ಸರಮಾಲೆ ದಂಡ ಎನ್ನುವುದು ಒಂದು ಪಕ್ಷ. ವಯಸ್ಕರಲ್ಲಿ ಹಾರ್ಮೋನು ಪರೀಕ್ಷೆಯ ಜೊತೆ ವೃಷಣದ ಸ್ಕ್ಯಾನ್ ಕೂಡ ಆಗಬೇಕು, ಕೈಗೆ ಸಿಗದ ಚಿಕ್ಕ ಗಡ್ಡೆ ತಪ್ಪಿಹೋಗುತ್ತದೆ ಎನ್ನುವುದು ಯುರೋಪಿನ ಆಂಡ್ರಾಲಜಿ ಅಕಾಡೆಮಿ 2019ರಲ್ಲಿ ಕೊಟ್ಟ ಮಾರ್ಗಸೂಚಿಯ ನಿಲುವು. ಖರ್ಚಿನ ವಾದ ಏನೇ ಇರಲಿ, ವೃಷಣವನ್ನು ಕೈಯಿಂದ ಮುಟ್ಟಿ ನೋಡುವುದಕ್ಕೆ ಕಾಸು ಬೇಡ. ಎದೆಯ ಫೋಟೊ ವಾಟ್ಸ್‌ಆ್ಯಪಿನಲ್ಲಿ ತರಿಸಿಕೊಂಡು ಶಸ್ತ್ರಕ್ರಿಯೆಯ ದರ ಹೇಳುವ ಕಡೆ ನಡೆಯದೇ ಉಳಿಯುವುದು ಇದೇ ಪರೀಕ್ಷೆ.

ಕಾಯುವವರು, ಮಾತ್ರೆ ಬರೆಯುವವರು

ಪ್ರಾಯದ ಹುಡುಗರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವರಿಗೆ ಒಂದರಿಂದ ಮೂರು ವರ್ಷದೊಳಗೆ ಉಬ್ಬು ತಾನಾಗಿ ಇಳಿಯುತ್ತದೆ. ಕಾಯೋಣ ಎನ್ನುವವರ ಬಲ ಇದು. ಆರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದು ಕಳಿಸುತ್ತಾರೆ. ಮಾತ್ರೆಯವರು ಬೇರೊಂದು ಸತ್ಯವನ್ನು ಮುಂದಿಡುತ್ತಾರೆ. ಮೊದಲ ಆರು ತಿಂಗಳು, ವರ್ಷದವರೆಗೆ ಗ್ರಂಥಿ ಹಸಿಯಾಗಿ ಬೆಳೆಯುತ್ತಿರುತ್ತದೆ. ಆಮೇಲೆ ಅದು ನಾರುಗಟ್ಟಿ ಗಾಯದ ಕಲೆಯಂಥ ಅಂಗಾಂಶವಾಗುತ್ತದೆ. ಯಾವ ಮಾತ್ರೆಗೂ ಜಗ್ಗುವುದಿಲ್ಲ. ಕೊಡುವುದಾದರೆ ಬೇಗ ಕೊಡಬೇಕು.

ಗಂಟು ಬೀಳುವುದು ಇಲ್ಲಿಯೇ. ಮಾತ್ರೆ ಕೆಲಸ ಮಾಡುವ ಕಾಲವೂ ಒಂದೇ, ತಾನಾಗಿ ಇಳಿಯುವ ಕಾಲವೂ ಒಂದೇ. ಇಳಿದಾಗ ಅದರ ಶ್ರೇಯಸ್ಸು ಯಾರಿಗೆ ಸಲ್ಲಬೇಕು? 2004ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ಈಸ್ಟ್ರೊಜೆನ್ನಿಗೆ ಅಡ್ಡಿಯಾಗುವ ಮಾತ್ರೆಗಳಾದ ಟ್ಯಾಮಾಕ್ಸಿಫೆನ್ ನುಂಗಿದ ಹುಡುಗರಲ್ಲಿ ಶೇ. 86, ರಾಲಾಕ್ಸಿಫೆನ್ ನುಂಗಿದವರಲ್ಲಿ ಶೇ. 91 ಮಂದಿಗೆ ಗಾತ್ರ ತಗ್ಗಿತು. ಕೇಳಲು ಸೊಗಸು, ಆದರೆ ಅಲ್ಲಿ ಹುಸಿ ಮಾತ್ರೆ ನುಂಗಿದ ಗುಂಪೇ ಇರಲಿಲ್ಲ. ಅದೇ ವರ್ಷ ಅನಾಸ್ಟ್ರಜೋಲ್ ಎಂಬ ಅರೊಮಾಟೇಸ್ ತಡೆ ಔಷಧವನ್ನು ಹುಸಿ ಮಾತ್ರೆಯ ಎದುರಿಟ್ಟು ಸರಿಯಾಗಿ ಪರೀಕ್ಷಿಸಿದಾಗ ಫಲ ಕಂಡದ್ದು ಶೇ. 38.5 ಮಂದಿಗೆ, ಹುಸಿ ಮಾತ್ರೆಯಲ್ಲಿ ಶೇ. 31.4. ಈ ಅಂತರ ಗಣನೆಗೆ ಬರುವಷ್ಟಿಲ್ಲ. ತರ್ಕಕ್ಕೆ ಸರಿಯೆನಿಸುವ ಔಷಧ ಮೈಯಲ್ಲಿ ಸೋತಿತು.

ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗಳ ವಿಷಯದಲ್ಲಿ ಮಾತ್ರ ಮಾತ್ರೆಯ ಪಕ್ಷ ಗೆದ್ದಿದೆ. 2005ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗದಲ್ಲಿ ಬೈಕಾಲುಟಮೈಡ್ ಒಂದನ್ನೇ ತೆಗೆದುಕೊಂಡವರಲ್ಲಿ ಶೇ. 69 ಮಂದಿಗೆ ಎದೆ ಬೆಳೆಯಿತು. ಮೊದಲೇ ಎದೆಗೆ ವಿಕಿರಣ ಕೊಟ್ಟಾಗ ಅದು ಶೇ. 34ಕ್ಕೆ, ಟ್ಯಾಮಾಕ್ಸಿಫೆನ್ ಜೊತೆಗೆ ಕೊಟ್ಟಾಗ ಶೇ. 8ಕ್ಕೆ ಇಳಿಯಿತು. ಕಾರಣ ಗೊತ್ತಿದ್ದು, ಆರಂಭದ ದಿನವೂ ಗೊತ್ತಿದ್ದರೆ ಔಷಧ ಗೆಲ್ಲುತ್ತದೆ. ಹದಿನಾಲ್ಕರ ಹುಡುಗನಲ್ಲಿ ಇವೆರಡೂ ಸ್ಪಷ್ಟವಿರುವುದಿಲ್ಲ. ಯುರೋಪಿನ ಮಾರ್ಗಸೂಚಿ ಸಾಮಾನ್ಯ ರೋಗಿಗಳಿಗೆ ಈ ಮಾತ್ರೆಗಳನ್ನು ಶಿಫಾರಸು ಮಾಡುವುದಿಲ್ಲ. ಆದರೂ ನೋವು ಹೆಚ್ಚಿರುವ ಹೊಸ ಉಬ್ಬಿಗೆ ಕೆಲವು ತಿಂಗಳು ಟ್ಯಾಮಾಕ್ಸಿಫೆನ್ ಬರೆಯುವ ವೈದ್ಯರು ಎಲ್ಲ ಕಡೆ ಇದ್ದಾರೆ.

ಕತ್ತಿಯ ಪಕ್ಷ

ವರ್ಷ ದಾಟಿ ನಾರುಗಟ್ಟಿದ ಗ್ರಂಥಿಗೆ ಶಸ್ತ್ರಕ್ರಿಯೆಯೇ ದಾರಿ ಎಂಬುದರಲ್ಲಿ ಜಗಳವಿಲ್ಲ. 1946ರಲ್ಲಿ ಸರ್ಜನ್ ವೆಬ್‌ಸ್ಟರ್ ತೋರಿಸಿದಂತೆ ತೊಟ್ಟಿನ ಸುತ್ತಲಿನ ಕಪ್ಪು ವರ್ತುಲದ ಕೆಳ ಅಂಚಿನಲ್ಲಿ ಅರ್ಧಚಂದ್ರ ಕೊಯ್ದರೆ ಗೆರೆ ಕಾಣುವುದಿಲ್ಲ. 1980ರ ದಶಕದಿಂದ ಲಿಪೊಸಕ್ಷನ್ ಜೊತೆಗೂಡಿತು. ಸಣ್ಣ ತೂತಿನಿಂದ ಕೊಳವೆ ತೂರಿಸಿ ಸುತ್ತಲಿನ ಕೊಬ್ಬನ್ನು ಹೀರಿ, ಬಳಿಕ ಗ್ರಂಥಿಯನ್ನು ಕತ್ತರಿಸಿ ತೆಗೆಯುತ್ತಾರೆ. ಸರ್ಜನ್ ಕೈಚಳಕ ಗೊತ್ತಾಗುವುದು ಎಷ್ಟು ತೆಗೆದರು ಎನ್ನುವುದರಲ್ಲಿ ಅಲ್ಲ, ಎಷ್ಟು ಉಳಿಸಿದರು ಎನ್ನುವುದರಲ್ಲಿ. ತೊಟ್ಟಿನ ಕೆಳಗೆ ಗುಂಡಿಯಷ್ಟು ಅಂಗಾಂಶ ಬಿಡದೆ ಎಲ್ಲವನ್ನೂ ಕೆತ್ತಿದರೆ ಅಲ್ಲಿ ತಗ್ಗು ಬೀಳುತ್ತದೆ. ಆ ತಗ್ಗನ್ನು ತುಂಬುವುದು ಮೊದಲ ಶಸ್ತ್ರಕ್ರಿಯೆಗಿಂತ ಕಷ್ಟ. ರಕ್ತ ಕಟ್ಟಿಕೊಳ್ಳುವುದು, ತೊಟ್ಟು ಜೋಮು ಹಿಡಿಯುವುದು, ಎರಡು ಬದಿ ಒಂದೇ ಸಮ ಕಾಣದಿರುವುದು ಉಳಿದ ತೊಡಕುಗಳು. ಆಮೇಲೆ ಕೆಲವು ವಾರ ಎದೆಯನ್ನು ಒತ್ತಿ ಹಿಡಿಯುವ ಬಿಗಿ ಬನಿಯನ್ ತೊಡಬೇಕು. ಬೆಂಗಳೂರಿನ ಸೆಕೆಯಲ್ಲಿ ಅದೂ ಒಂದು ಶಿಕ್ಷೆಯೇ.

ಇದು ಚಿಕಿತ್ಸೆಯೋ ಚೆಂದಕ್ಕೆ ಮಾಡಿಸುವುದೋ? ನಮ್ಮಲ್ಲಿ ಆರೋಗ್ಯ ವಿಮೆಯ ಷರತ್ತುಗಳು ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಕ್ರಿಯೆಯನ್ನು ಹೊರಗಿಡುತ್ತವೆ. ಹಾಗಾಗಿ ಹೆಚ್ಚಿನವರು ಕೈಯಿಂದಲೇ ಕಟ್ಟುತ್ತಾರೆ. ಕಂತಿನಲ್ಲಿ ಕಟ್ಟಬಹುದೆಂಬ ಜಾಹೀರಾತುಗಳು ಮೊಬೈಲಿನಲ್ಲಿ ಹರಿದುಬರುತ್ತವೆ. ಅತ್ತ ಸೇನೆಯ ನೇಮಕಾತಿ ತಪಾಸಣೆಯಲ್ಲಿ ಇದೇ ಕಾರಣಕ್ಕೆ ತಾತ್ಕಾಲಿಕವಾಗಿ ಅನರ್ಹನೆಂದು ಹಿಂದಿರುಗಿದ ಹಳ್ಳಿಯ ಹುಡುಗ, ಮರುತಪಾಸಣೆಯ ದಿನದೊಳಗೆ ಶಸ್ತ್ರಕ್ರಿಯೆ ಮಾಡಿಸಲು ಸಾಲ ಹುಡುಕುತ್ತಾನೆ. ವಿಮೆಯವರಿಗೆ ಇದು ಸೌಂದರ್ಯ, ಸೇನೆಗೆ ನ್ಯೂನತೆ. ನಡುವೆ ಸಿಕ್ಕಿಕೊಂಡವನ ಕಷ್ಟಕ್ಕೆ ಎರಡೂ ಕಡೆ ಕಿವಿಯಿಲ್ಲ.

ಮನಸ್ಸಿನ ಮಾತು ಹಗುರವಾದದ್ದಲ್ಲ. ಬಾಸ್ಟನ್ ಮಕ್ಕಳ ಆಸ್ಪತ್ರೆಯ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹದಿಹರೆಯದವರಲ್ಲಿ ಉಬ್ಬು ಸಣ್ಣದಿದ್ದರೂ ಆತ್ಮವಿಶ್ವಾಸ ಕುಗ್ಗುತ್ತದೆ. ಸಂಕಟಕ್ಕೂ ಗಾತ್ರಕ್ಕೂ ತಾಳೆಯಿಲ್ಲ. ‘ದೊಡ್ಡದೇನಲ್ಲ, ಹೋಗುತ್ತೆ ಬಿಡೋ’ ಎಂದು ಬೆನ್ನು ತಟ್ಟುವ ಅಪ್ಪಂದಿರು ಇದನ್ನು ತಿಳಿದಿರುವುದು ಒಳ್ಳೆಯದು. ಹೋಗುವುದು ನಿಜ. ಎರಡು ವರ್ಷ ಆಟದ ಮೈದಾನಕ್ಕೆ ಇಳಿಯದೆ ಕಳೆದುಕೊಂಡದ್ದು ತಿರುಗಿ ಬರುವುದಿಲ್ಲ.

ಇನ್ನೂ ತೀರದ ಪ್ರಶ್ನೆಗಳು

ಒಂದೇ ವಯಸ್ಸು, ಒಂದೇ ಮಟ್ಟದ ಹಾರ್ಮೋನು ಇರುವ ಇಬ್ಬರಲ್ಲಿ ಒಬ್ಬನಿಗೆ ಇಳಿದು ಇನ್ನೊಬ್ಬನಿಗೆ ಉಳಿಯುವುದೇಕೆ ಎಂಬುದು ತಿಳಿದಿಲ್ಲ. ರಕ್ತ ಎರಡೂ ಬದಿಗೆ ಒಂದೇ ಹಾರ್ಮೋನನ್ನು ಒಯ್ಯುವಾಗ ಕೆಲವರಿಗೆ ಒಂದೇ ಬದಿ ಬೆಳೆಯುವುದಕ್ಕೂ ಪೂರ್ತಿ ವಿವರಣೆಯಿಲ್ಲ. ಗ್ರಂಥಿಯಲ್ಲೇ ಇರುವ ಸಂವೇದನೆಯ ವ್ಯತ್ಯಾಸ ಎಂಬುದು ಸದ್ಯದ ಊಹೆ.

ಕ್ಯಾನ್ಸರಿನ ನಂಟು ಮತ್ತೊಂದು. ಕ್ಲೈನ್‌ಫೆಲ್ಟರ್ ವಿವರಿಸಿದ ಸ್ಥಿತಿ ಇರುವವರಿಗೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚೆಂಬುದು ಖಚಿತ. ಬರಿಯ ಗೈನೆಕೊಮಾಸ್ಟಿಯಾ ಕ್ಯಾನ್ಸರಾಗಿ ತಿರುಗುವುದಿಲ್ಲ ಎಂದೇ ಬಹುಕಾಲ ಹೇಳುತ್ತ ಬಂದಿದ್ದಾರೆ. ಆದರೆ ಹಲವು ದೇಶಗಳ ಅಂಕಿಅಂಶ ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಬೊಜ್ಜಿನ ಪ್ರಭಾವವನ್ನು ಕಳೆದ ಮೇಲೂ ಎರಡಕ್ಕೂ ಬಲವಾದ ಸಂಬಂಧ ಕಾಣಿಸಿತು. ಒಂದು ಇನ್ನೊಂದಕ್ಕೆ ಕಾರಣವೇ, ಎರಡಕ್ಕೂ ಹಾರ್ಮೋನಿನ ಏರುಪೇರೇ ಮೂಲವೇ, ಅಥವಾ ಕ್ಯಾನ್ಸರ್ ಬಂದವರ ಎದೆಯನ್ನು ಹೆಚ್ಚು ಹುಡುಕಿ ನೋಡಿದ್ದರಿಂದ ಹೀಗಾಯಿತೇ ಎಂಬುದು ಬಗೆಹರಿದಿಲ್ಲ. ಎಲ್ಲ ಉಬ್ಬನ್ನೂ ಹೆದರಿ ಕೊಯ್ಯಿಸಲು ಇದು ಆಧಾರವಾಗದು. ನಲವತ್ತು ದಾಟಿದವರಲ್ಲಿ ಹೊಸದಾಗಿ ಒಂದೇ ಬದಿ ಬೆಳೆದದ್ದನ್ನು ಅಸಡ್ಡೆ ಮಾಡದಿರಲು ಸಾಕಷ್ಟು ಆಧಾರ.

ಹುಡುಗರಿಗೆ ಟ್ಯಾಮಾಕ್ಸಿಫೆನ್ ಕೊಡಬೇಕೇ ಎಂಬುದನ್ನು ತೀರ್ಮಾನಿಸಬಲ್ಲ, ಹುಸಿ ಮಾತ್ರೆಯ ಗುಂಪನ್ನೂ ಒಳಗೊಂಡ ದೊಡ್ಡ ಪ್ರಯೋಗ ಬೇಕಿದೆ. ಪೇಟೆಂಟ್ ಮುಗಿದ ಅಗ್ಗದ ಮಾತ್ರೆಗೆ ಅಂಥ ಪ್ರಯೋಗ ನಡೆಸುವ ಆಸೆ ಔಷಧ ಕಂಪನಿಗಳಿಗೆ ಇರಲಾರದು.

ಅಷ್ಟರವರೆಗೆ ಮನೆಯವರು ಮಾಡಬಹುದಾದದ್ದು ಇಷ್ಟು. ನುಂಗುತ್ತಿರುವ ಮಾತ್ರೆ, ಪುಡಿ, ಸೂಜಿ ಯಾವುದನ್ನೂ ಮುಚ್ಚಿಡದೆ ವೈದ್ಯರ ಮುಂದಿಡಿ. ಹುಡುಗನಾದರೆ ಉಬ್ಬು ಯಾವ ತಿಂಗಳು ಶುರುವಾಯಿತೆಂದು ಬರೆದಿಟ್ಟುಕೊಳ್ಳಿ, ಏಕೆಂದರೆ ಮುಂದಿನ ಎಲ್ಲ ತೀರ್ಮಾನ ಆ ತಾರೀಕಿನ ಮೇಲೆ ನಿಂತಿದೆ. ಎದೆಯನ್ನು ಮುಟ್ಟಿ ನೋಡದೆ, ವೃಷಣದ ಬಗ್ಗೆ ಕೇಳದೆ, ಮೊದಲ ಭೇಟಿಯಲ್ಲೇ ಶಸ್ತ್ರಕ್ರಿಯೆಗೆ ದಿನ ಗೊತ್ತುಮಾಡುವ ಕಡೆಯಿಂದ ಎದ್ದು ಬಂದು ಇನ್ನೊಬ್ಬ ವೈದ್ಯರನ್ನು ಕಾಣಿರಿ.